ಮಸಿಯಲ್ಲಿ ಉಳಿದ ಬಿಲ್ಲು

ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ಉಳಿದೆಲ್ಲರ ಎಡಗೈ ಹೆಬ್ಬೆರಳಿನ ಉಗುರಿನಲ್ಲೂ ಒಂದು ನೀಲಿ ಅರ್ಧಚಂದ್ರವಿತ್ತು. ಅಪ್ಪನದು ಉಗುರಿನ ಬುಡದಲ್ಲಿ, ಅಮ್ಮನದು ಸ್ವಲ್ಪ ಮೇಲೆ, ನನ್ನದು ಬಲಕ್ಕೆ ವಾಲಿಕೊಂಡು. ಉಗುರು ಬೆಳೆದಂತೆ ಚಂದ್ರ ಮೇಲೇರುತ್ತಿತ್ತು. ಅದು ತುದಿ ಮುಟ್ಟಿ ಕತ್ತರಿಸಿಹೋಗುವ ಮೊದಲೇ ಬುಡದಲ್ಲಿ ಇನ್ನೊಂದು ಹುಟ್ಟಿರುತ್ತಿತ್ತು. ಶಾಲೆಯಲ್ಲಿ ಟೀಚರ್ ಒಮ್ಮೆ ನನ್ನ ಕೈ ಹಿಡಿದು ನೋಡಿ, "ನಿಮ್ಮನೆ ಬಾಗಿಲು ಅಷ್ಟೊಂದು ಬಿಗೀನಾ?" ಎಂದು ಕೇಳಿದ್ದರು. ಹೌದು ಎಂದೆ. ಉಂಡೆಬಿಲ್ಲಿನ ವಿಷಯ ಹೇಳಿದರೆ ದ್ರಾಕ್ಷಿ ತೋಟದ ವಿಷಯ ಹೇಳಬೇಕಾಗುತ್ತಿತ್ತು, ಅದನ್ನು ಹೇಳಿದರೆ ಮನೆಯ ಜಗಳವನ್ನೂ ಹೇಳಬೇಕಾಗುತ್ತಿತ್ತು. ಮನೆಯ ಮಾತನ್ನು ಹೊರಗೆ ಒಯ್ಯುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ.

ಉಂಡೆಬಿಲ್ಲಿಗೆ ಬಾಣವಿಲ್ಲ. ಅಕ್ಕಪಕ್ಕ ಎರಡು ಹುರಿ, ಅವುಗಳ ನಡುವೆ ಸೈಕಲ್ ಟ್ಯೂಬಿನ ಒಂದು ಸಣ್ಣ ತುಂಡು. ಆ ತುಂಡಿನಲ್ಲಿ ಒಲೆಯಲ್ಲಿ ಸುಟ್ಟ ಮಣ್ಣಿನ ಉಂಡೆ ಇಟ್ಟು, ಕೆನ್ನೆಯವರೆಗೆ ಎಳೆದು ಬಿಡಬೇಕು. ಬಿಲ್ಲಿನ ನಡು ಎಡಗೈಯ ಮುಷ್ಟಿಯಲ್ಲಿರುತ್ತದೆ. ಉಂಡೆ ಹಾರುವ ದಾರಿಯೂ ಸರಿಯಾಗಿ ಆ ಮುಷ್ಟಿಯ ಮೇಲೆಯೇ ಬರುತ್ತದೆ. ಬಿಡುವಾಗ ಮಣಿಕಟ್ಟನ್ನು ಹೊರಳಿಸಿ ಬಿಲ್ಲನ್ನು ಪಕ್ಕಕ್ಕೆ ಸರಿಸಿದರೆ ಉಂಡೆ ದ್ರಾಕ್ಷಿಗೆ ಬಂದ ಗಿಳಿಯ ಕಡೆಗೆ ಹೋಗುತ್ತದೆ. ಹೊರಳಿಸುವುದು ರೆಪ್ಪೆ ಬಡಿಯುವಷ್ಟು ತಡವಾದರೂ ಹೆಬ್ಬೆರಳಿಗೆ ಬರುತ್ತದೆ. ನಮ್ಮದು ಯಾವಾಗಲೂ ತಡವಾಗುತ್ತಿತ್ತು.

ನಮ್ಮ ಮನೆ ಇದ್ದದ್ದು ವರ್ತೂರು ಕೆರೆಯ ಆಚೆ. ನಡುಮನೆ, ಅಡಿಗೆಮನೆ, ಬಚ್ಚಲು, ಅಷ್ಟೇ. ಬಚ್ಚಲಿನ ಹಿಂಬಾಗಿಲು ತೆರೆದರೆ ಕಾಲಿಡುತ್ತಿದ್ದುದೇ ದ್ರಾಕ್ಷಿ ಚಪ್ಪರದ ಕೆಳಗೆ. ಕಲ್ಲುಕಂಬಗಳ ಮೇಲೆ ತಂತಿ, ತಂತಿಯ ಮೇಲೆ ತಾತ ಬದುಕಿದ್ದಾಗ ಹಬ್ಬಿಸಿದ ಬಳ್ಳಿ. ಅಪ್ಪ ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಬೆಳಿಗ್ಗೆ ಸೈಕಲ್ ಹತ್ತುವ ಮೊದಲು ತೋಟಕ್ಕೆ ಔಷಧಿ ಹೊಡೆದು, ಸಂಜೆ ಬಂದು ನೀರು ಕಟ್ಟುತ್ತಿದ್ದ. ಓರೆಯಾದದ್ದು ಏನು ಕಂಡರೂ ಅವನಿಗೆ ತಡೆಯುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಅವನ ರಸಮಟ್ಟ ಇರುತ್ತಿತ್ತು. ಗಾಜಿನ ಕೊಳವೆಯ ಒಳಗಿನ ಗುಳ್ಳೆ ನಡುವಿಗೆ ಬಂದರೆ ಮಾತ್ರ ಅವನಿಗೆ ಸಮಾಧಾನ. ಅಡಿಗೆಮನೆಯ ಹಲಗೆ, ದೇವರ ಪೀಠ, ಅಮ್ಮನ ಹೊಲಿಗೆ ಮೆಷಿನ್ನು, ಎಲ್ಲದರ ಕಾಲಿನಡಿಯೂ ಅವನು ಸಿಕ್ಕಿಸಿದ ಚಕ್ಕೆಗಳಿದ್ದವು. ಒಮ್ಮೆ ಊಟಕ್ಕೆ ಕುಳಿತಾಗ ನೆಲದ ಇಳಿಜಾರಿನಿಂದ ತಟ್ಟೆಯ ಸಾರು ಒಂದು ಕಡೆ ಸೇರುತ್ತಿದೆ ಎಂದು ಎದ್ದು ಹೊರಟ.

"ರಸಮಟ್ಟ ತರಾಕೆ ಓದ್ಯಾ? ಅಂಗೇ ನಿನ್ ಎಂಡ್ರು ಸಿಟ್ಟನ್ನೂ ಒಸಿ ಮಟ್ಟ ನೋಡಪ್ಪ. ಬೆಳಗ್ಗಿಂದ ಒಂದೇ ಕಡೀಕೆ ವಾಲ್ಕೊಂಡದೆ," ಎಂದಳು ಅಜ್ಜಿ.

ಅಮ್ಮ ನಗು ತಡೆಯಲಾರದೆ ಸೌಟು ಇಟ್ಟು ಬಚ್ಚಲಿಗೆ ಹೋದಳು.

ಗಿಳಿ ಓಡಿಸುವ ಕೆಲಸ ಮೊದಲು ಅಜ್ಜಿಯದಾಗಿತ್ತು. ಬಿಲ್ಲು ತಾತ ಮಾಡಿಕೊಟ್ಟದ್ದು. ಅಡಿಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಬಡಿದ ಎರಡು ಗೂಟಗಳ ಮೇಲೆ ಮಲಗಿರುತ್ತಿತ್ತು. ಹಣ್ಣಿನ ಕಾಲ ಬಂದಾಗ ಅಜ್ಜಿ ಅದನ್ನು ಇಳಿಸಿಕೊಂಡು, ಸೆರಗಿನಲ್ಲಿ ಉಂಡೆ ಕಟ್ಟಿಕೊಂಡು ಚಪ್ಪರದಡಿ ಕೂರುತ್ತಿದ್ದಳು. ಅವಳ ಹೆಬ್ಬೆರಳಿಗೆ ಒಂದು ಗೀರೂ ಇರಲಿಲ್ಲ. ಅದರ ಜಂಬ ಅವಳಿಗೆ ಬಹಳ. ಬಿಲ್ಲು ಮಾಡಿದವನ ಬಗ್ಗೆ ಅವಳಿಗಿದ್ದ ಅಭಿಪ್ರಾಯ ಬೇರೆ. "ನಿಮ್ ತಾತ ಒಂದು ಮಣೆ ಮಾಡಿದ್ರೂ ಅದು ಕುಂಟ್ತಿತ್ತು. ಬಿಲ್ಲಂತೂ ನೋಡೇ ಮಗಾ, ಹಾವು ಓಡ್ದಂಗೆ ಅದೆ," ಎನ್ನುತ್ತಿದ್ದಳು. ಅದು ನಿಜ. ಬಿಲ್ಲಿನ ಎರಡು ತೋಳುಗಳೂ ಸರಿಯಾಗಿದ್ದು, ನಡು ಮಾತ್ರ ಸೊಂಟ ತಿರುಗಿಸಿ ನಿಂತವರಂತೆ ಪಕ್ಕಕ್ಕೆ ಸರಿದಿತ್ತು.

ಅಜ್ಜಿಯ ಕಣ್ಣಿಗೆ ಪೊರೆ ಬಂತು. ಗಿಳಿಗೂ ಎಲೆಗೂ ವ್ಯತ್ಯಾಸ ತಿಳಿಯದಾದಾಗ ಬಿಲ್ಲು ಅಪ್ಪನ ಕೈಗೆ ಬಂತು. ಅವನು ಅದನ್ನು ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿದ. ಆ ಭಾನುವಾರ ಬಚ್ಚಲಿನ ಹಂಡೆಯಲ್ಲಿ ನೀರು ಕುದಿಸಿ, ಬಿಲ್ಲಿನ ನಡುವನ್ನು ಹಬೆಗೆ ಹಿಡಿದು, ಮರ ಮೆತ್ತಗಾದಾಗ ಅದನ್ನೊಂದು ಕಬ್ಬಿಣದ ಪಟ್ಟಿಗೆ ಬಿಗಿದು ಕಟ್ಟಿದ. ಹಲವು ದಿನ ಬಿಟ್ಟು ಕಟ್ಟು ಬಿಚ್ಚಿದಾಗ ಬಿಲ್ಲು ಶಾಲೆಯ ಸ್ಕೇಲಿನಂತೆ ಇತ್ತು. ಅದರ ಮೇಲೆ ರಸಮಟ್ಟ ಇಟ್ಟು, ಒಲೆಯ ಮುಂದೆ ಕುಳಿತಿದ್ದ ಅಮ್ಮನಿಗೆ ಗುಳ್ಳೆ ತೋರಿಸಿದ.

"ನೋಡು, ಒಂದ್ ಕೂದ್ಲೆಳೆ ಆಚೀಚೆ ಇಲ್ಲ."

ಅವತ್ತಿನಿಂದ ನಮ್ಮ ಉಗುರುಗಳಲ್ಲಿ ಚಂದ್ರ ಮೂಡಲು ಶುರುವಾಯಿತು. ಇವೆರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅಜ್ಜಿ ನುರಿತವಳು, ನಾವು ಹೊಸಬರು ಎಂದೇ ಎಲ್ಲರೂ ತಿಳಿದೆವು. ಅಜ್ಜಿ ಎಲ್ಲರಿಗಿಂತ ಹೆಚ್ಚಾಗಿ ಹಾಗೆ ತಿಳಿದಳು. ತೋಟದಿಂದ ಯಾರಾದರೂ "ಅಯ್ಯಮ್ಮಾ" ಎಂದು ಕೈ ಕೊಡವಿಕೊಂಡು ಬಂದರೆ ಜಗಲಿಯಿಂದಲೇ ಕೇಳುತ್ತಿದ್ದಳು:

"ಗಿಳಿ ಬಿತ್ತಾ, ಬೆಳ್ಳು ಬಿತ್ತಾ?"

ನೋವಿನ ಭಯಕ್ಕೆ ಹುರಿಯನ್ನು ಅರ್ಧವಷ್ಟೇ ಎಳೆದು ಬಿಡುವುದು ನಮಗೆ ರೂಢಿಯಾಯಿತು. ಉಂಡೆಗಳು ಕಂಬದ ಹತ್ತಿರವೇ ಬಿದ್ದು ಉರುಳುತ್ತಿದ್ದವು. ಗಿಳಿಗಳು ತಲೆ ಓರೆ ಮಾಡಿ ಅವನ್ನು ನೋಡಿ ಮತ್ತೆ ಹಣ್ಣಿಗೆ ಬಾಯಿ ಹಾಕುತ್ತಿದ್ದವು. ಹಬೆಯಲ್ಲಿ ಬಲವಂತವಾಗಿ ತಿದ್ದಿದ ಬಿಲ್ಲು ಅದೇ ಬೇಸಿಗೆಯ ಒಂದು ಮಧ್ಯಾಹ್ನ ಅಮ್ಮನ ಕೈಯಲ್ಲಿ ಎರಡಾಯಿತು. ಆ ಸಲ ಗೊಂಚಲುಗಳಲ್ಲಿ ಉಳಿದದ್ದು ಕಡ್ಡಿ ಮಾತ್ರ. ಹಣ್ಣಿನ ಮಂಡಿಗೆ ಹೋಗುವ ಎತ್ತಿನ ಗಾಡಿ ನಮ್ಮ ಮನೆಯ ಮುಂದೆ ನಿಂತು, ಖಾಲಿಯಾಗಿಯೇ ಮುಂದೆ ಹೋಯಿತು.

ಜಗಳ ಊಟದ ಹೊತ್ತಿಗೆ ಬಂತು.

"ಗಿಳಿಗೆ ಅಂತ ತೋಟ ಮಾಡ್ಕೊಂಡಿದೀವಿ ಅಷ್ಟೇ," ಎಂದ ಅಪ್ಪ. "ರೋಡ್ ಉದ್ದಕ್ಕೂ ಫ್ಯಾಕ್ಟ್ರಿ ಬರ್ತಾ ಇದೆ. ಇಲ್ಲಿ ಸಾಲಾಗಿ ರೂಮು ಹಾಕಿದ್ರೆ ಬಾಡಿಗೆಗೆ ಜನ ಬಾಗಿಲಲ್ಲಿ ನಿಲ್ತಾರೆ. ಕಂಬ ಕಿತ್ತಾಕ್ತೀನಿ."

"ಬಳ್ಳಿ ನೆಟ್ಟೋನು ಸತ್ತ ಅಂತ ಬಳ್ಳೀನೂ ಸತ್ತೋಯ್ತಾ?" ಎಂದಳು ಅಜ್ಜಿ.

"ಬಳ್ಳಿ ಸತ್ತಿಲ್ಲ ಅವ್ವ. ಹಣ್ಣು ಮನೆಗೆ ಬರ್ತಿಲ್ಲ."

ಅಜ್ಜಿ ತುತ್ತು ತಟ್ಟೆಯಲ್ಲೇ ಬಿಟ್ಟಳು. ಅವಳು ಊಟ ಬಿಟ್ಟರೆ ಆ ಮನೆಯಲ್ಲಿ ಯಾರೂ ನುಂಗುವಂತಿರಲಿಲ್ಲ. ಕೊನೆಗೆ ಮಾತು ಮುಗಿಸಿದವಳು ಅಮ್ಮ.

"ಇನ್ನೊಂದು ಬೆಳೆ ನೋಡೋಣ ಕಣ್ರೀ. ಗಾಡಿ ತುಂಬಿದ್ರೆ ತೋಟ. ತುಂಬ್ಲಿಲ್ವಾ, ನಿಮ್ ರೂಮು."

ಅಪ್ಪ ಒಪ್ಪಿದ. ಆದರೆ ಮರುದಿನವೇ ಚಪ್ಪರದಡಿ ಗೂಟಗಳನ್ನು ಹೊಡೆದು, ರೂಮುಗಳ ಗೋಡೆ ಎಲ್ಲಿ ಬರಬೇಕೋ ಅಲ್ಲೆಲ್ಲ ನೀಲಿ ನೈಲಾನ್ ದಾರ ಎಳೆದ. ಒಂದೊಂದು ಗೂಟವನ್ನೂ ರಸಮಟ್ಟ ಹಿಡಿದೇ ನಿಲ್ಲಿಸಿದ. ಆ ದಾರದ ಮೂರನೆಯ ಚೌಕದೊಳಗೆ ನಾನು ಓದಲು ಕೂರುವ ಜಾಗವಿತ್ತು. ಒಂದು ಕಲ್ಲುಕಂಬ, ಅದಕ್ಕೆ ಒರಗಿಸಿದ ಚಪ್ಪಡಿ. ಆ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ, ಯಾರಿಗೂ ಉತ್ತರ ಕೊಡದೆ ಇರಬಹುದಾದ ಸ್ಥಳ ಅದೊಂದೇ. ಅದು ನನ್ನದು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದು ನನ್ನದಾಗಿ ಉಳಿಯುತ್ತಿರಲಿಲ್ಲ. ಆದ್ದರಿಂದ ಅದು ಹೋಗುತ್ತದೆ ಎಂಬುದನ್ನೂ ಹೇಳಲಾಗಲಿಲ್ಲ. ದಾರ ದಾಟಿ ಒಳಗೆ ಹೋಗಿ ಕುಳಿತು, ಇಲ್ಲಿ ಯಾರದೋ ಅಡಿಗೆಮನೆ ಬರುತ್ತದೆ ಎಂದು ಅಂದಾಜು ಮಾಡುತ್ತಿದ್ದೆ.

ಗೌರಿ ಹಬ್ಬಕ್ಕೆ ಮೊದಲು ಅಮ್ಮ ಸುಣ್ಣ ಕಲಸಿದಳು. ಒಲೆಯ ಮೇಲಿನ ಗೋಡೆಗೆ ಸುಣ್ಣ ಬಳಿಯುವ ಪದ್ಧತಿ ನಮ್ಮಲ್ಲಿರಲಿಲ್ಲ, ಬಳಿದ ವಾರಕ್ಕೇ ಮಸಿ ಹಿಡಿಯುತ್ತಿತ್ತು. ಆ ವರ್ಷ ಮನೆಗೆ ಸೀಮೆಎಣ್ಣೆ ಸ್ಟೌ ಬಂದಿತ್ತಾದ್ದರಿಂದ ಆ ಗೋಡೆಯನ್ನೂ ಬೆಳ್ಳಗೆ ಮಾಡಿಯೇ ತೀರುವುದೆಂದು ಅವಳು ಸೆರಗು ಸಿಕ್ಕಿಸಿ ನಿಂತಿದ್ದಳು. ನಾನು ಬಕೆಟ್ ಹಿಡಿದು ಕೆಳಗೆ ನಿಂತಿದ್ದೆ. ಅಲ್ಲಿಂದ, ಆ ಎರಡು ಖಾಲಿ ಗೂಟಗಳ ನಡುವೆ, ಅದು ಕಂಡಿತು. ವರ್ಷಗಟ್ಟಲೆಯ ಹೊಗೆ ಗೋಡೆಯನ್ನೆಲ್ಲ ಕಪ್ಪು ಮಾಡಿ, ಬಿಲ್ಲು ಮಲಗಿದ್ದ ಕಡೆ ಮಾತ್ರ ಮುಟ್ಟದೆ ಬಿಟ್ಟಿತ್ತು. ತೋಳು, ನಡು, ತೋಳು. ಎರಡೂ ತುದಿಗಳು ಒಂದೇ ಗೆರೆಯಲ್ಲಿದ್ದವು. ನಡು ಆ ಗೆರೆ ಬಿಟ್ಟು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು.

"ಅಮ್ಮಾ, ತಡಿ."

"ಯಾಕೆ, ಹಲ್ಲಿ ಇದ್ಯಾ?"

ನಾನು ಮಣೆಯ ಮೇಲೆ ಹತ್ತಿ, ಆ ಬಿಳಿಯ ನಡುವಿನ ಮೇಲೆ ಎಡಗೈ ಮುಷ್ಟಿ ಇಟ್ಟೆ. ಹೊಲಿಗೆಯ ದಾರವನ್ನು ಎರಡೂ ತುದಿಗಳಿಗೆ ಎಳೆದು ಹಿಡಿಯಲು ಅಮ್ಮನಿಗೆ ಹೇಳಿದೆ. ದಾರ ನನ್ನ ಹೆಬ್ಬೆರಳನ್ನು ಮುಟ್ಟಲಿಲ್ಲ. ಪಕ್ಕದಲ್ಲಿ, ಒಂದು ಉಂಡೆ ಆರಾಮವಾಗಿ ಹೋಗುವಷ್ಟು ಜಾಗ ಬಿಟ್ಟು ಹಾದುಹೋಗಿತ್ತು. ಅಮ್ಮ ದಾರ ಹಿಡಿದುಕೊಂಡೇ ಬಹಳ ಹೊತ್ತು ನೋಡಿದಳು. ಆಮೇಲೆ ಸುಣ್ಣದ ಬಕೆಟ್ಟನ್ನು ನಡುಮನೆಗೆ ಸಾಗಿಸಿದಳು.

ಸಂಜೆ ಅಪ್ಪ ಬಂದಾಗ ಹೇಳಿದೆ.

"ಅಪ್ಪ, ಬಿಲ್ಲು ಸೊಟ್ಟ ಇದ್ದಾಗ ಏಟು ಬೀಳ್ತಿರ್ಲಿಲ್ಲ."

"ಆಗ ಹೊಡೀತಿದ್ದೋಳು ಅಜ್ಜಿ."

"ಅಜ್ಜಿ ಕೈಯಿಂದಲ್ಲ. ಉಂಡೆ ಹೋಗೋಕೆ ದಾರಿ ಇತ್ತು. ನೀನು ನೇರ ಮಾಡಿ ದಾರಿ ಮುಚ್ಚಿಬಿಟ್ಟೆ."

ಅಷ್ಟು ಉದ್ದದ ಮಾತನ್ನು ನಾನು ಅವನೆದುರು ಆಡಿದ್ದು ಅದೇ ಮೊದಲು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ಹೋದ. ತನ್ನ ಹೆಬ್ಬೆರಳನ್ನು ಗೋಡೆಯ ಮೇಲಿಟ್ಟ. ತೆಗೆದ. ಮತ್ತೆ ಇಟ್ಟ.

"ಡ್ರಾಯಿಂಗ್ ನೋಡ್ದೆ ಜಾಬ್ ಕೆಡಿಸ್ಬಿಟ್ನಲ್ಲ," ಎಂದ, ಗೋಡೆಗೆ.

ಅವನು ಮೊದಲು ಮಾಡಿದ್ದು ಫಿಟ್ಟರ್ ಮಾಡುವ ಕೆಲಸವನ್ನೇ. ಗೋಡೆಯ ಆಕಾರವನ್ನು ಹಳೆಯ ಪೇಪರಿನ ಮೇಲೆ ಇಳಿಸಿಕೊಂಡು, ಒಂದು ನೇರ ಹಲಗೆಯ ಮೇಲೆ ಅಂಟಿಸಿ, ಗೆರೆ ಹಿಡಿದು ಗರಗಸದಲ್ಲಿ ಕೊಯ್ದ. ನೋಡಲು ಬಲು ಚೆನ್ನಾಗಿತ್ತು. ಮೊದಲ ಎಳೆತಕ್ಕೇ ನಡುವಿನ ತಿರುವಿನಲ್ಲಿ ಮುರಿಯಿತು. ಅಮ್ಮ ಊರಿನವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು. ಬಟ್ಟೆಯಿಂದ ಒಂದು ನೂಲು ಎಳೆದು ತೆಗೆದು, ಆ ಸಂದಿಯ ಗುಂಟವೇ ಕತ್ತರಿ ಬಿಡುವವಳು. ಮುರಿದ ತುಂಡನ್ನು ಬೆಳಕಿಗೆ ಹಿಡಿದಳು.

"ರೀ, ಎಳೆ ನೋಡಿ ಇಲ್ಲಿ. ಎಳೆ ಒಂದ್ಕಡೆ ಹೋಗ್ತಿದೆ, ನೀವು ಅಡ್ಡಡ್ಡ ಕುಯ್ದಿದೀರ. ರವಿಕೆ ಹಿಂಗೆ ಕತ್ತರಿಸಿದ್ರೆ ಹಾಕ್ಕೊಂಡ ದಿನಾನೇ ಪಿಸಿದೋಗತ್ತೆ."

"ಹಂಗಾದ್ರೆ ಎಳೇನೇ ಸೊಟ್ಟ ಇರ್ಬೇಕು ಅಂತೀಯಾ?"

"ನಂಗೇನ್ ಗೊತ್ತು ಬಿಲ್ಲು? ನಾನು ರವಿಕೆ ಹೇಳಿದ್ದು."

ಆ ಭಾನುವಾರ ಅಪ್ಪ ಬೇಲಿಯ ತಡಸಲು ಮರಗಳ ನಡುವೆ ಕೊಡಲಿ ಹಿಡಿದು ನಿಂತ. ಗಾಡಿಯ ಮೂಕಿಗೆ, ಗುದ್ದಲಿಯ ಕಾವಿಗೆ ಜನ ಹುಡುಕಿಕೊಂಡು ಬರುವ ಮರ ಅದು. ಒಳ್ಳೆಯ ಕೊಂಬೆಗಳಿದ್ದವು. "ಇದು ನೇರ ಇದೆ, ಬೇಡ. ಇದೂ ನೇರ, ಬೇಡ," ಎನ್ನುತ್ತ ಅವನು ಒಂದೊಂದನ್ನೇ ಬಿಟ್ಟು ಮುಂದೆ ಹೋಗುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಜಗಲಿಯಿಂದ ಅಜ್ಜಿ ಕೇಳಿಸಿಕೊಂಡು, "ಏನೇ ಮಗಾ, ನಿಮ್ಮಪ್ಪಂಗೆ ಉಷಾರಿಲ್ವಾ?" ಎಂದಳು. ಕೊನೆಗೆ, ಕಲ್ಲುಕಂಬವೊಂದನ್ನು ಬಳಸಿ ಮೇಲೆ ಹೋದ ಒಂದು ಕೊಂಬೆ ಸಿಕ್ಕಿತು. ಕಂಬಕ್ಕೆ ದಾರಿ ಬಿಟ್ಟು ತಾನೇ ಪಕ್ಕಕ್ಕೆ ಸರಿದು ಬೆಳೆದಿತ್ತು. ಗರಗಸ ಮುಟ್ಟಿಸದೆ, ಬೆಣೆ ಹೊಡೆದು ಸೀಳಿದೆವು. ಸೀಳು ನಮ್ಮನ್ನು ಕೇಳದೆ ಎಳೆಯ ಗುಂಟ ಹೋಯಿತು, ತಿರುವಿನಲ್ಲಿ ತಿರುಗಿತು. ಆದರೆ ಸೀಳಿದ ಮೇಲೆ ಒಂದು ಐಬು ಕಂಡಿತು: ಒಂದು ತೋಳು ಹಿಂಡಿದ ಒದ್ದೆ ಬಟ್ಟೆಯಂತೆ ಉದ್ದಕ್ಕೂ ತಿರುಚಿಕೊಂಡಿತ್ತು.

ಅದನ್ನು ಬಚ್ಚಲಿನ ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಗೆ ಒಣಗಲು ಇಟ್ಟೆವು. ಅದು ಒಣಗುವಷ್ಟರಲ್ಲಿ ನಮ್ಮ ಉಗುರುಗಳ ಚಂದ್ರರೆಲ್ಲ ತುದಿ ತಲುಪಿ ಕತ್ತರಿಸಿಹೋದರು. ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು. ಹಂಡೆಯ ಹಬೆಗೆ ಅಪ್ಪ ಈ ಸಲ ನಡುವನ್ನು ಹಿಡಿಯಲಿಲ್ಲ, ತಿರುಚಿದ ತೋಳನ್ನು ಮಾತ್ರ ಹಿಡಿದ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಬಾಗಿಲ ಚಿಲಕ ತಿರುಗಿಸುವಂತೆ ನಿಧಾನವಾಗಿ ತಿರುಗಿಸಿದ. ಮೇಲಿನ ತುದಿಯಿಂದ ತೂಗುಗುಂಡು ಇಳಿಬಿಟ್ಟು, ದಾರ ಕೆಳಗಿನ ತುದಿಯ ನಡುವಿಗೆ ಬೀಳುತ್ತದೆಯೇ ಎಂದು ನೋಡುವುದು ನನ್ನ ಪಾಲು. ಬಿದ್ದಾಗ ಅವನ ಮುಖ ನೋಡಬೇಕಿತ್ತು.

"ಎರಡು ತುದಿ ಒಂದನ್ನೊಂದು ನೋಡಿದ್ರೆ ಸಾಕು ಕಣೇ ಪುಟ್ಟಿ. ಮಧ್ಯ ಅದು ಹೆಂಗ್ ಬೇಕಾದ್ರೂ ಹೋಗ್ಲಿ," ಎಂದ, ಹೊಸ ಮೆಷಿನ್ ಕಂಡುಹಿಡಿದವನ ಹಾಗೆ.

ಆಮೇಲೆ ತೆಳ್ಳಗೆ ಮಾಡುವ ಕೆಲಸ. ಹೊರಮೈಯನ್ನು ಮುಟ್ಟದೆ, ಒಳಮೈಯನ್ನು ಮಾತ್ರ ಮೊದಲು ಬಾಚಿಯಲ್ಲಿ, ನಂತರ ಒಡೆದ ಗಾಜಿನ ಅಂಚಿನಲ್ಲಿ ಹೆರೆಯಬೇಕು. ಅಪ್ಪ ಬಿಲ್ಲನ್ನು ಮೆಲ್ಲಗೆ ಬಾಗಿಸಿ ಹಿಡಿಯುತ್ತಿದ್ದ; ನಾನು ದೂರ ಕುಳಿತು, ಎರಡು ತೋಳುಗಳಲ್ಲಿ ಯಾವುದು ಕಡಿಮೆ ಬಾಗಿದೆ ಎಂದು ಹೇಳಬೇಕಿತ್ತು. "ಮೇಲಿನದು, ಗೆಣ್ಣಿನ ಹತ್ತಿರ ಗಟ್ಟಿ," ಎಂದರೆ ಅಲ್ಲಿಷ್ಟು ಹೆರೆಯುತ್ತಿದ್ದ. ಮತ್ತೆ ಬಾಗಿಸಿ ನನ್ನ ಕಡೆ ನೋಡುತ್ತಿದ್ದ. ನಾನು ಹೇಳುವವರೆಗೆ ಗಾಜು ಮುಟ್ಟುತ್ತಿರಲಿಲ್ಲ. ನನ್ನ ಮಾತಿಗಾಗಿ ಒಬ್ಬರು ಕೆಲಸ ನಿಲ್ಲಿಸಿ ಕಾಯುವುದನ್ನು ನಾನು ಆವರೆಗೆ ಕಂಡಿರಲಿಲ್ಲ. ಮುಂದೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಏನು ಕಂಡಿತೋ ಅದನ್ನಷ್ಟೇ ಹೇಳಬೇಕು, ಕಾಣುವವರೆಗೆ ಸುಮ್ಮನಿರಬೇಕು ಎಂದು ಪ್ರೊಫೆಸರರು ಹೇಳಿದಾಗ, ಸಹಪಾಠಿಗಳಿಗೆ ಅದು ಕಷ್ಟವಾಗಿತ್ತು. ನನಗೆ ಆ ಬಚ್ಚಲಿನ ಹಬೆ ನೆನಪಾಗಿತ್ತು.

ಬಿಲ್ಲಿಗೆ ಹುರಿ ಏರಿಸಿದ ದಿನ ಎಲ್ಲರೂ ಚಪ್ಪರದಡಿ ಬಂದರು. ಕೊನೆಯ ಕಂಬಕ್ಕೆ ಒಂದು ಎಣ್ಣೆ ಡಬ್ಬ ತೂಗುಹಾಕಿದೆವು. ಅಪ್ಪ ಕಾರ್ಖಾನೆಯ ಚರ್ಮದ ಗ್ಲೌಸು ಹಾಕಿಕೊಂಡು ಬಂದಿದ್ದ. ಅದನ್ನು ಕಂಡು ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಗ್ಲೌಸನ್ನೊಮ್ಮೆ ನೋಡಿ, ಬಿಲ್ಲನ್ನು ನನ್ನ ಕಡೆ ಚಾಚಿದ.

"ಕಂಡುಹಿಡಿದೋಳು ನೀನು. ನೀನೇ ಹೊಡಿ."

ಬರಿಗೈಯಲ್ಲಿ ಹಿಡಿದೆ. ಮುಷ್ಟಿ ತಾನಾಗಿಯೇ ಆ ತಿರುವಿನಲ್ಲಿ ಕುಳಿತಿತು. ಕೆನ್ನೆಯವರೆಗೆ, ಪೂರ್ತಿ ಎಳೆದೆ. ಮಣಿಕಟ್ಟು ಹೊರಳಿಸಲಿಲ್ಲ. ಬಿಟ್ಟೆ. ಹೆಬ್ಬೆರಳ ಪಕ್ಕದಲ್ಲಿ ತಣ್ಣಗೆ ಸ್ವಲ್ಪ ಗಾಳಿ ಹೋಯಿತು, ಅಷ್ಟೇ. ಡಬ್ಬ ಠಣ್ ಎಂದಿತು. ಚಪ್ಪರದಾಚೆಯ ಹುಣಸೆಮರದಿಂದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

"ಯಾರೇ ಒಡ್ದಿದ್ದು?" ಎಂದಳು ಕಣ್ಣು ಕಾಣದ ಅಜ್ಜಿ.

"ನಾನು."

"ಬೆಳ್ಳು?"

ಅವಳ ಬಳಿ ಹೋಗಿ ಹೆಬ್ಬೆರಳನ್ನು ಅವಳ ಅಂಗೈಯಲ್ಲಿಟ್ಟೆ. ಉಗುರನ್ನು ಸವರಿ ನೋಡಿದಳು. ಆಮೇಲೆ ಬಿಲ್ಲು ಕೇಳಿ ತೆಗೆದುಕೊಂಡು, ನಡುವಿನ ತಿರುವನ್ನು ಮುಷ್ಟಿಯಲ್ಲಿ ಹಿಡಿದಳು. ಹಿಡಿದವಳು ಬಿಡಲಿಲ್ಲ. ಅಪ್ಪ ಗೋಡೆಯ ಮಸಿಯಲ್ಲಿ ಕಂಡದ್ದನ್ನೂ ದಾರ ಎಳೆದದ್ದನ್ನೂ ವಿವರವಾಗಿ ಹೇಳಿದ.

"ಅಂಗಾದ್ರೆ ನನ್ ಕೈದೇನೂ ಇರ್ನಿಲ್ಲ," ಎಂದಳು.

ತಿರುವಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಿಮ್ ತಾತ ಒಸ ಬಿಲ್ಲು ತಂದ್ಕೊಟ್ಟಾಗ, ಇದೇನು ಸೊಟ್ಟ ಮೂತಿ ಮಾಡ್ಕೊಂಡ್ ಬಂದಿದ್ಯಾ ಅಂತ ಬೈದಿದ್ದೆ. ಊರ್ ಮುಂದೆಲ್ಲ ಆಡ್ಕೊಂಡೆ. ನಾನು ಗಿಳಿ ಒಡ್ದು ಮೆರೀತಿದ್ರೆ ನಗ್ತಾ ಕೂತಿರ್ತಿದ್ದ." ಬಿಲ್ಲನ್ನು ಮಡಿಲಿಗೆ ಇಳಿಸಿ, "ಸಾಯೋಗಂಟ ಒಂದ್ ಮಾತು ಏಳ್ನಿಲ್ವಲ್ಲ ಆ ಮುದ್ಕ," ಎಂದು ನಗತೊಡಗಿದಳು. ನಗುತ್ತ ಸೆರಗಿನಿಂದ ಕಣ್ಣ ಮೂಲೆ ಒರೆಸಿಕೊಂಡು, ನನ್ನತ್ತ ಬಿಲ್ಲು ಚಾಚಿದಳು. "ಓಗು, ಇನ್ನೊಂದ್ ಒಡಿ. ಸದ್ದು ಕೇಳ್ಬೇಕು."

ಶಿವರಾತ್ರಿಯ ಹೊತ್ತಿಗೆ ಕಾಯಿ ಬಣ್ಣ ತಿರುಗಿತು. ಶಾಲೆಗೆ ಮೊದಲು ನಾನು, ಶಾಲೆಯ ನಂತರವೂ ನಾನು, ನಡುವೆ ಅಮ್ಮ, ಭಾನುವಾರ ಅಪ್ಪ. ಅಜ್ಜಿ ಜಗಲಿಯಲ್ಲಿ ಮಣ್ಣು ನಾದಿ, ಚಕ್ಕುಲಿ ಮಾಡುವ ದಿನದ ಉತ್ಸಾಹದಲ್ಲಿ ಉಂಡೆ ಕಟ್ಟಿದಳು. ಪುಸ್ತಕವನ್ನು ಮಂಡಿಯ ಮೇಲೂ ಬಿಲ್ಲನ್ನು ಪಕ್ಕದಲ್ಲೂ ಇಟ್ಟುಕೊಂಡು ನನ್ನ ಕಂಬಕ್ಕೆ ಒರಗಿ ಪರೀಕ್ಷೆಗೆ ಓದಿದೆ. ಗಿಳಿಗಳನ್ನು ಹೊಡೆಯಬೇಕಾಗಲಿಲ್ಲ, ಎಲೆಗಳ ನಡುವೆ ಪೂರ್ತಿ ವೇಗದಲ್ಲಿ ಉಂಡೆ ಸುಯ್ಯೆಂದರೆ ಹಿಂಡು ಹಿಂಡೇ ಕೆರೆಯ ಕಡೆ ತಿರುಗುತ್ತಿತ್ತು. ಗೂಟಗಳು, ನೀಲಿ ದಾರ ಹಾಗೆಯೇ ಇದ್ದವು. ನಾವೆಲ್ಲ ಅವನ್ನು ದಾಟಿಕೊಂಡು ಓಡಾಡುತ್ತಿದ್ದೆವು.

ಗಾಡಿ ಬಂದಿತು. ಬುಟ್ಟಿಯ ಮೇಲೆ ಬುಟ್ಟಿ ಏರಿ, ಕೊನೆಯದಕ್ಕೆ ಜಾಗವಿಲ್ಲದೆ ಗಾಡಿಯವನು ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಏನಜ್ಜಿ, ಗಿಳಿಗಳಿಗೆ ಈ ಸಲ ಉಪ್ವಾಸಾನಾ?"

"ಗಿಳೀಗಿನ್ನೂ ಶಿವರಾತ್ರಿ ಮುಗ್ದಿಲ್ಲ ಕಣಪ್ಪ. ಅವ್ಕೂ ಪುಣ್ಯ ಬರ್ಲಿ."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಅಪ್ಪ ಅಲ್ಲೇ ನಿಂತಿದ್ದ. ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದ:

"ತೋಟದಲ್ಲಿ ಗೂಟಗಳಿವೆ. ಕತ್ಲಲ್ಲಿ ಯಾರಾದ್ರೂ ಎಡವಿಕೊಂಡಾರು."

ಅಜ್ಜಿ ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲಿನ ಹಿಂಬಾಗಿಲು ತೆರೆದು ಹೊರಗೆ ಹೋದೆ. ಅಪ್ಪನ ಗೂಟಗಳು ಬಲು ನೆಟ್ಟಗೆ ನಿಂತಿದ್ದವು. ಒಂದೊಂದನ್ನೂ ಅಲ್ಲಾಡಿಸಿ, ತಿರುಚಿ, ಕೀಳಬೇಕಾಯಿತು. ಮೂರನೆಯ ಚೌಕದ್ದನ್ನು ಎಲ್ಲಕ್ಕಿಂತ ಮೊದಲು ಕಿತ್ತೆ. ನೀಲಿ ದಾರವನ್ನು ಅಂಗೈಗೆ ಸುತ್ತಿ ಕಟ್ಟು ಮಾಡಿ, ಬಿಲ್ಲಿಗೆ ಮುಂದಿನ ಸಲದ ಹುರಿಯಾಗಲಿ ಎಂದು ಗೋಡೆಯ ಗೂಡಿನಲ್ಲಿ ರಸಮಟ್ಟದ ಪಕ್ಕ ಇಟ್ಟೆ. ಗೂಟಗಳನ್ನು ಹಂಡೆಯ ಒಲೆಗೆ ಒಟ್ಟಿದೆ. ಚೆನ್ನಾಗಿ ಒಣಗಿದ್ದವು, ಬೇಗ ಹತ್ತಿಕೊಂಡವು. ಆ ನೀರಿನಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಪುಸ್ತಕ ತೆಗೆದುಕೊಂಡು ಹೋಗಿ ನನ್ನ ಕಂಬಕ್ಕೆ ಒರಗಿ ಕುಳಿತೆ.